ಯುದ್ಧನೌಕೆಯನ್ನು ಹನ್ನೆರಡು ವರ್ಷ ತೇಲಿಸಿದವನು

ಒನೆಸಿಮ್ ಟ್ರೆಪಾನಿಯೆ ಹುಟ್ಟಿದ ಕೂಡಲೇ ಅತ್ತನೋ ಬೈದನೋ ಎಂಬ ಬಗ್ಗೆ ಬಟನ್‌ವುಡ್ ಕೊಲ್ಲಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಬೈದ ಎನ್ನುವವರೇ ಹೆಚ್ಚು. ಬಟಾಣಿ ಸಾರು ಬಿಸಿಯಿದ್ದರೆ ಅವನಿಗೆ ಒಂದು ಸಿಟ್ಟು, ಆರಿದ್ದರೆ ಇನ್ನೊಂದು. ಉಳಿ ಮೊಂಡಾಗಿದ್ದರೆ ಕಮ್ಮಾರನ ಮೇಲೆ, ಹರಿತವಾಗಿದ್ದು ಬೆರಳು ಕುಯ್ದರೆ ಕಮ್ಮಾರನ ಅಪ್ಪನ ಮೇಲೆ. ಆದರೆ ಇವೆಲ್ಲ ಚಿಲ್ಲರೆ ಸಿಟ್ಟುಗಳು. ಅವನ ಸಗಟು ಸಿಟ್ಟಿಗೆ ಮೂರು ಹಾಯಿಕಂಬ, ನಲವತ್ತನಾಲ್ಕು ತೋಪು ಮತ್ತು ಮೂತಿಯಲ್ಲಿ ಚಿನ್ನದ ಬಣ್ಣ ಬಳಿದ ಒಬ್ಬ ದಪ್ಪ ಹೆಂಗಸಿನ ಬೊಂಬೆ ಇತ್ತು. ಹೆಸರು ‘ಲೇಡಿ ಆಗಸ್ಟಾ’. ಆಂಟೇರಿಯೊ ಸರೋವರದ ಮೇಲೆ ಇಂಗ್ಲೆಂಡಿನ ರಾಜನ ಕೀರ್ತಿಯನ್ನು ಎತ್ತಿಹಿಡಿಯಲೆಂದು ಆ ಮಹಾನೌಕೆ ಹುಟ್ಟಿತು. ಅದನ್ನು ನೀರಿನಿಂದ ಎತ್ತಿಹಿಡಿಯುವ ಕೆಲಸ ಒನೆಸಿಮ್‌ನ ಪಾಲಿಗೆ ಬಂತು. ಕೆಲಸಗಾರರು ಅವಳನ್ನು ‘ಅಮ್ಮಾವ್ರು’ ಎನ್ನುತ್ತಿದ್ದರು. ಒನೆಸಿಮ್ ಏನೆನ್ನುತ್ತಿದ್ದ ಎಂಬುದನ್ನು ಅಚ್ಚು ಹಾಕುವಂತಿಲ್ಲ.

ಅವನು ಕೆಳನದಿಯ ಕಡೆಯವನು. ಕ್ವಿಬೆಕ್ ದಾಟಿದ ಮೇಲೆ ಸೇಂಟ್ ಲಾರೆನ್ಸ್ ನದಿ ಅಗಲವಾಗಿ ಉಪ್ಪಾಗತೊಡಗುವಲ್ಲಿ ಅವನ ಹಳ್ಳಿ. ಅಪ್ಪ, ಅಜ್ಜ, ಅಜ್ಜನ ಅಣ್ಣತಮ್ಮಂದಿರು ಎಲ್ಲರೂ ಹಡಗಿನ ಬಡಗಿಗಳು. ಅಮೆರಿಕದವರ ಜೊತೆ ಯುದ್ಧ ಶುರುವಾದ ಮರುವರ್ಷದ ಚಳಿಗಾಲದಲ್ಲಿ ರಾಜನ ಕಡೆಯವನೊಬ್ಬ ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೂಗಿದ: ಮೇಲಿನ ಸರೋವರದಲ್ಲಿ ಹಡಗು ಕಟ್ಟಬೇಕು, ಎರಡರಷ್ಟು ಕೂಲಿ, ದಿನಕ್ಕೊಂದು ಲೋಟ ರಮ್ಮು. ಹಳ್ಳಿಯಿಂದ ಹದಿನೆಂಟು ಜನ ಹೊರಟರು. ಮೂರು ವಾರ ಹಿಮದಲ್ಲಿ ಜಾರುಗಾಡಿ ತಳ್ಳಿಕೊಂಡು ಬಂದು ತಲುಪಿದರೆ ಬಟನ್‌ವುಡ್ ಕೊಲ್ಲಿಯಲ್ಲಿ ಹಡಗು ಕಟ್ಟಲು ಬೇಕಾದ ಎಲ್ಲವೂ ಇತ್ತು. ಆದರೆ ಎಲ್ಲವೂ ಇನ್ನೂ ಕಾಡಿನಲ್ಲಿ ನಿಂತಿತ್ತು. ಬೆಳಿಗ್ಗೆ ಅಳಿಲು ಓಡಾಡಿದ ಓಕ್ ಮರ ಸಂಜೆಗೆ ಹಡಗಿನ ಪಕ್ಕೆಲುಬಾಗುತ್ತಿತ್ತು. ಹಲಗೆಗೆ ಮೊಳೆ ಹೊಡೆದರೆ ಮರದ ರಸ ಮುಖಕ್ಕೆ ಸಿಡಿಯುತ್ತಿತ್ತು.

ಮೂವತ್ತರ ಒನೆಸಿಮ್ ಇಂಗ್ಲೆಂಡಿನಿಂದ ಬಂದಿದ್ದ ಮುಖ್ಯ ಬಡಗಿಯ ಎದುರು ಹೋಗಿ ನಿಂತ.

“ಮೇಸ್ತ್ರಿಗಳೇ, ಪಕ್ಕೆಲುಬಿನ ಸಂದೀಲಿ ಉಪ್ಪು ತುಂಬಬೇಕು. ಹಸಿ ಮರ. ಇಲ್ಲಾಂದ್ರೆ ಕೊಳೀತದೆ.”

“ಉಪ್ಪಾ?”

“ಕಲ್ಲುಪ್ಪು. ನಮ್ಮಪ್ಪ ಸಿಹಿನೀರಿನ ದೋಣಿಗೆಲ್ಲ ಹಾಗೇ ಮಾಡ್ತಿದ್ದ.”

ಮುಖ್ಯ ಬಡಗಿ ಸುತ್ತ ನಿಂತವರನ್ನೆಲ್ಲ ಕರೆದು ತೋರಿಸಿದ. “ಕೇಳಿದ್ರಾ? ಇವನು ಹಡಗು ಕಟ್ಟಲ್ಲ, ಅಡುಗೆ ಮಾಡ್ತಾನಂತೆ! ಮೂವತ್ತು ವರ್ಷ ಸಮುದ್ರದ ಹಡಗು ಕಟ್ಟಿದೀನಿ ಕಣಯ್ಯ, ಒಂದಕ್ಕೂ ಒಗ್ಗರಣೆ ಹಾಕಿಲ್ಲ.”

“ನಿಮ್ಮ ಹಡಗುಗಳು ಉಪ್ಪಿನಕಾಯಿ ಥರ ಹುಟ್ಟಿದಾಗಿಂದ ಸಾಯೋವರೆಗೂ ಉಪ್ಪುನೀರಲ್ಲೇ ಬಿದ್ದಿರ್ತಾವೆ. ಅದಕ್ಕೇ ಕೆಡಲ್ಲ. ಇವಳು ಕುಡಿಯೋ ನೀರಲ್ಲಿ ಕೂತಿರ್ತಾಳೆ.”

“ಸರಿ ಹೋಗಪ್ಪ, ಉಪ್ಪಿರೋದು ಹಂದಿಮಾಂಸಕ್ಕೆ.”

ಆ ಚಳಿಗಾಲ ಹಂದಿಮಾಂಸಕ್ಕೂ ಸರಿಯಾಗಿ ಉಪ್ಪು ಬೀಳಲಿಲ್ಲ ಎಂಬುದು ಬೇರೆ ಮಾತು.

ಸಾವಿರದ ಎಂಟುನೂರ ಹದಿನಾಲ್ಕರ ವಸಂತದಲ್ಲಿ ಲೇಡಿ ಆಗಸ್ಟಾ ನೀರಿಗಿಳಿದಳು. ಬ್ಯಾಂಡು ಬಾರಿಸಿತು, ಟೋಪಿಗಳು ಹಾರಿದವು. ಇನ್ನು ಮುಂದಿನ ಕದನವನ್ನು ಹೇಗೆ ವರ್ಣಿಸಲಿ! ಆಚೆ ದಂಡೆಯಲ್ಲಿ ಶತ್ರುವಿನ ಬಳಿ ನಲವತ್ತೆರಡು ತೋಪಿನ ಹಡಗಿತ್ತು. ನಮ್ಮದು ನಲವತ್ತನಾಲ್ಕು ಎಂದು ತಿಳಿದ ಕೂಡಲೇ ಶತ್ರು ಬಂದರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಇನ್ನೂ ದೊಡ್ಡದನ್ನು ಕಟ್ಟತೊಡಗಿದ. ನಮ್ಮವಳು ಆರು ವಾರ ಸರೋವರದ ಮೇಲೆ ಎದೆಯುಬ್ಬಿಸಿ ಓಡಾಡಿದಳು. ಅಷ್ಟರಲ್ಲಿ ಅವರ ಐವತ್ತೆಂಟು ತೋಪಿನದು ಮುಗಿಯಿತು. ಈಗ ನಮ್ಮವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಹೀಗೆ ಎರಡೂ ಕಡೆಯ ಮಹಾವೀರರು ಪರಸ್ಪರರ ಮುಖವನ್ನೇ ನೋಡದೆ ಭೀಕರವಾಗಿ ಹೋರಾಡಿದರು. ಸತ್ತದ್ದು ಮರಗಳು.

ಇಲ್ಲ, ಮರಗಳಷ್ಟೇ ಅಲ್ಲ. ಅದಕ್ಕೆ ಬರುತ್ತೇನೆ. ಮೊದಲು ಅಮ್ಮಾವ್ರ ಏಕೈಕ ದಿಗ್ವಿಜಯದ ಮಾತು ಮುಗಿಸಿಬಿಡುತ್ತೇನೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳು ಶತ್ರುವಿನ ಎರಡು ಚಪ್ಪಟೆ ದೋಣಿಗಳನ್ನು ಹಿಡಿದಳು. ದೋಣಿಯ ತುಂಬ ಹಿಟ್ಟಿನ ಪೀಪಾಯಿ, ಇಪ್ಪತ್ತು ಎತ್ತು. ವಿಜಯೋತ್ಸವ ನಡೆಯಿತು. ದೋಣಿಯ ಒಡೆಯನನ್ನು ಸರಪಳಿ ಹಾಕಿ ತಂದರು. ಅವನು ಗೋಗರೆಯುತ್ತಿದ್ದ: “ಸ್ವಾಮಿ, ನಾನು ಅಮೆರಿಕದವನೇ. ಆದ್ರೆ ವಾರಾ ವಾರಾ ಕದ್ದು ತಂದು ಮಾರ್ತಿದ್ದದ್ದು ನಿಮ್ಮ ಹಡಗುಕಟ್ಟೆಗೇ. ನಿಮ್ಮ ಬಡಗಿಗಳು ಇಷ್ಟು ದಿನ ತಿಂದಿದ್ದು ಯಾರ ದನಾಂತ ಅಂದ್ಕೊಂಡಿದ್ರಿ?” ನಿಜವೇ ಆಗಿತ್ತು. ಆಮೇಲೆ ಆ ಕಡೆಯ ಯಾವ ಕಳ್ಳ ವ್ಯಾಪಾರಿಯೂ ಇತ್ತ ಮುಖ ಹಾಕಲಿಲ್ಲ. ಹಡಗುಕಟ್ಟೆಯಲ್ಲಿ ಹಿಟ್ಟು ಮುಗಿಯಿತು, ಮಾಂಸ ಮುಗಿಯಿತು. ಹೊಟ್ಟೆಗಿಲ್ಲದ ಮೈಗೆ ಆಗಸ್ಟಿನ ಜೌಗಿನ ಚಳಿಜ್ವರ ಹತ್ತಿತು. ಒನೆಸಿಮ್‌ನ ಹಳ್ಳಿಯ ಹದಿನೆಂಟು ಜನರಲ್ಲಿ ಏಳು ಜನ ಹದಿನೈದು ದಿನದಲ್ಲಿ ಸತ್ತರು. ಅವರ ಪೆಟ್ಟಿಗೆಗಳನ್ನು ಒನೆಸಿಮ್‌ನೇ ಮಾಡಿದ, ಹಡಗಿಗೆ ಬಳಸಿ ಉಳಿದ ಹಲಗೆಯಿಂದ. ಆರನೆಯದು ಅವನ ಚಿಕ್ಕಪ್ಪನ ಮಗನದು.

ಯುದ್ಧದುದ್ದಕ್ಕೂ ಲೇಡಿ ಆಗಸ್ಟಾ ಕೊಂದ ಜನ ಇಷ್ಟೇ. ಎಲ್ಲರೂ ಅವಳನ್ನು ಕಟ್ಟಿದವರು.

ಫೆಬ್ರುವರಿಯಲ್ಲಿ ಶಾಂತಿಯ ಸುದ್ದಿ ಜಾರುಗಾಡಿಯಲ್ಲಿ ಬಂತು. ಹಾಯಿಕಂಬಗಳನ್ನು ಕಿತ್ತರು, ತೋಪುಗಳನ್ನು ದಂಡೆಯ ಕೊಟ್ಟಿಗೆಗೆ ಸಾಗಿಸಿದರು, ಹಡಗಿನ ಮೇಲೆ ಹಲಗೆಯ ಮಾಡು ಹೊದಿಸಿದರು. ಮತ್ತೆ ಯುದ್ಧವಾದರೆ ಬೇಕಾದೀತು ಎಂದು ಅವಳನ್ನು ಕೊಲ್ಲಿಯಲ್ಲಿ ಕಟ್ಟಿಹಾಕಿ ಕಾಯಬೇಕೆಂದು ಆಜ್ಞೆಯಾಯಿತು. ಕಾಯಲು ಒನೆಸಿಮ್ ನಿಂತ. ಊರಿಗೆ ಹಿಂದಿರುಗಿ ಏಳು ಮನೆಯ ಹೆಂಗಸರಿಗೆ ಮುಖ ತೋರಿಸುವ ಧೈರ್ಯ ಅವನಿಗಿರಲಿಲ್ಲ ಎನ್ನುವವರಿದ್ದಾರೆ. ಕೊಲ್ಲಿಯ ರೈತನ ಮಗಳು ಫಿಲೊಮೆನ್‌ಳ ಮುಖ ನೋಡಿಕೊಂಡು ನಿಂತ ಎನ್ನುವವರೂ ಇದ್ದಾರೆ. ಎರಡೂ ಸರಿಯಿರಬೇಕು. ಹಡಗುಕಟ್ಟೆಯ ಬೇಲಿಯೊಳಗೆ ಅವರಿಗೊಂದು ಎರಡು ಕೋಣೆಯ ಮನೆ ಸಿಕ್ಕಿತು.

ಕಾಯುವುದೆಂದರೆ ಒಳಗೆ ಸೋರಿದ ನೀರನ್ನು ಹೊರಹಾಕಲು ಪಂಪು ಹೊಡೆಯುವುದು. ಮೊದಲ ವರ್ಷ ಬೆಳಿಗ್ಗೆ ಅರ್ಧ ಗಂಟೆ. ಮೂರನೆಯ ವರ್ಷ ಬೆಳಿಗ್ಗೆ ಒಂದು, ಸಂಜೆ ಒಂದು. ಎಂಟನೆಯ ವರ್ಷಕ್ಕೆ ಒನೆಸಿಮ್‌ನ ಜೊತೆ ಇಬ್ಬರು ಆಳು. ಅವರಲ್ಲಿ ಮರ್ಡೊ ಎಂಬ ಒಂಟಿಗಣ್ಣಿನ ಸ್ಕಾಟ್ಲೆಂಡಿನವನು ಪಂಪಿನ ಕೈ ಹಿಡಿದೇ ನಿದ್ದೆ ಮಾಡಬಲ್ಲ ಕಲಾವಿದ.

ಪ್ರತಿ ಏಪ್ರಿಲ್‌ನಲ್ಲಿ ಪರೀಕ್ಷೆ. ಹಡಗುಕಟ್ಟೆಯ ಅಧಿಕಾರಿ ಕ್ಯಾಪ್ಟನ್ ಹಾರ್ಬಾಟಲ್ ಗುಮಾಸ್ತ ಪಿಂಕ್ನಿಯನ್ನು ಹಿಂದಿಟ್ಟುಕೊಂಡು ಬರುತ್ತಿದ್ದರು. ಪಿಂಕ್ನಿಯ ಕೈಯಲ್ಲಿ ಅಚ್ಚು ಹಾಕಿದ ಒಂದು ಹಾಳೆ. ಅದು ಸಾಗರದಾಚೆಯ ದೊಡ್ಡ ಕಚೇರಿಯಲ್ಲಿ ಸಮುದ್ರದ ಹಡಗುಗಳಿಗಾಗಿ ಯಾರೋ ಜಾಣರು ಮಾಡಿದ ಹಾಳೆ.

“ಕಡಲ ಹುಳು ಮರ ಕೊರೆದಿದೆಯಾ?” ಪಿಂಕ್ನಿ ಓದುತ್ತಿದ್ದ.

“ಇದು ಸಿಹಿನೀರು ಸ್ವಾಮಿ. ಕಡಲ ಹುಳು ಇಲ್ಲಿಗೆ ಬರೋಕೆ ನಯಾಗರಾ ಹತ್ತಬೇಕಾ?” ಎನ್ನುತ್ತಿದ್ದ ಒನೆಸಿಮ್. ನಯಾಗರಾ ಇರುವುದು ಸರೋವರದ ಇನ್ನೊಂದು ತುದಿಯಲ್ಲಿ ಎಂಬುದು ಸಿಟ್ಟಿನಲ್ಲಿ ಅವನಿಗೆ ಮರೆತುಹೋಗುತ್ತಿತ್ತು.

“ಹುಳು ಇಲ್ಲ. ತಳಕ್ಕೆ ಚಿಪ್ಪು ಕಚ್ಚಿದೆಯಾ? ಇಲ್ಲ. ಉಪ್ಪಿನಿಂದ ಕಬ್ಬಿಣ ಕೊರೆದಿದೆಯಾ? ಇಲ್ಲ. ಬಿರುಗಾಳಿಗೆ ಹಾನಿ? ಇಲ್ಲ. ಶತ್ರುವಿನ ಗುಂಡಿನಿಂದ ಹಾನಿ?”

“ಶತ್ರುವಿಗೆ ಇವಳ ಮುಖವೇ ಗೊತ್ತಿಲ್ಲ.”

“ಇಲ್ಲ. ಎಲ್ಲ ಇಲ್ಲ ಸಾಹೇಬರೇ.”

“ಹಾಗಾದರೆ ಸುಸ್ಥಿತಿ ಅಂತ ಬರಿ.”

ಒನೆಸಿಮ್ ಬೈರಿಗೆಯನ್ನು ಒಂದು ಪಕ್ಕೆಲುಬಿಗೆ ಊರುತ್ತಿದ್ದ. ತಿರುಗಿಸುವುದೇ ಬೇಡ, ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿಯವರೆಗೆ ಇಳಿಯುತ್ತಿತ್ತು. ಈಚೆಗೆ ಎಳೆದರೆ ತುದಿಯಲ್ಲಿ ನೆನೆದ ರೊಟ್ಟಿಯಂಥ ಕಂದು ಮುದ್ದೆ. ಅದನ್ನು ಕ್ಯಾಪ್ಟನ್ನರ ಮೂಗಿನ ಕೆಳಗೆ ಹಿಡಿದು, “ಇದು ಏನು ಸಾಹೇಬರೇ?” ಎಂದು ಕೇಳುತ್ತಿದ್ದ.

ಹಾರ್ಬಾಟಲ್ ಕೆಟ್ಟವರಲ್ಲ. ಅವರು ದೇವರಿಗೂ ಹಾಳೆಗೂ ಅಂಜುವವರು. “ನೋಡಪ್ಪಾ ಟ್ರೆಪಾನಿಯೆ, ಇದಕ್ಕೆ ಇಲ್ಲಿ ಕಲಂ ಇಲ್ಲ” ಎಂದು ಕರವಸ್ತ್ರದಿಂದ ಮೂಗು ಒರೆಸಿಕೊಂಡು ದೋಣಿ ಹತ್ತುತ್ತಿದ್ದರು. ಮರುದಿನ ಪೇಂಟಿನ ಡಬ್ಬ ಬರುತ್ತಿತ್ತು. ದಂಡೆಗೆ ಕಾಣುವ ಪಕ್ಕಕ್ಕೆ ಮಾತ್ರ ಕಪ್ಪು ಬಳಿದು, ನಡುವೆ ಹಳದಿ ಪಟ್ಟಿ ಎಳೆಯಬೇಕು. ಹನ್ನೊಂದು ಏಪ್ರಿಲ್, ಹನ್ನೊಂದು ಸುಸ್ಥಿತಿ, ಹನ್ನೊಂದು ಸಹಿ. ಲೇಡಿ ಆಗಸ್ಟಾಳ ಆರೋಗ್ಯದಲ್ಲಿ ಪೇಂಟೊಂದೇ ಗಟ್ಟಿಯಾಗಿ ಉಳಿಯಿತು.

ಹನ್ನೆರಡನೆಯ ವರ್ಷ ಸುದ್ದಿ ಬಂತು: ಮೇ ತಿಂಗಳಲ್ಲಿ ಗವರ್ನರರ ಸವಾರಿ. ಹಡಗುಕಟ್ಟೆಯ ಎಲ್ಲ ವರದಿಗಳನ್ನು ಓದಿದ್ದ ಗವರ್ನರರು, ಇಷ್ಟು ಸುಸ್ಥಿತಿಯಲ್ಲಿರುವ ನೌಕೆ ತಮಗೆ ಇಪ್ಪತ್ತೊಂದು ತೋಪಿನ ಮರ್ಯಾದೆ ಸಲ್ಲಿಸುವುದನ್ನು ನೋಡಲು ಆಸೆಪಟ್ಟಿದ್ದರು. ಕ್ಯಾಪ್ಟನ್ ಹಾರ್ಬಾಟಲ್ ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಹನ್ನೊಂದು ತೋಪುಗಳನ್ನು ಹಡಗಿಗೆ ಏರಿಸಲು ಹೇಳಿದರು. ಬೇರೆ ದಾರಿ ಏನಿತ್ತು? ಹನ್ನೊಂದು ಸಹಿಗಳೂ ಅವರವೇ.

ಮಾರ್ಚಿನಲ್ಲಿ ಮಂಜುಗಡ್ಡೆ ಇನ್ನೂ ಗಟ್ಟಿಯಿದ್ದಾಗಲೇ ಎತ್ತಿನ ಜಾರುಗಾಡಿಗಳಲ್ಲಿ ತೋಪುಗಳನ್ನು ಹಡಗಿನ ಬುಡಕ್ಕೆ ಎಳೆದು, ರಾಟೆ ಕಟ್ಟಿ ಮೇಲೆತ್ತಿದರು. ಹನ್ನೊಂದನ್ನೂ ದಂಡೆಗೆ ಕಾಣುವ ಒಂದೇ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದರು. ಐದನೆಯದು ಇಳಿದಾಗ ಕೆಳಗಿನ ತೊಲೆ ಕುಯ್ಯೆಂದಿತು. ಒನೆಸಿಮ್ ಅಡಿಗೆ ಓಡಿ ಆಸರೆಗಂಬ ಕೊಟ್ಟ. ಆಸರೆಗಂಬ ನಿಂತದ್ದೂ ಕೊಳೆತ ಮರದ ಮೇಲೇ. ತೊಲೆಗೆ ಹೆಬ್ಬೆರಳು ಒತ್ತಿ ನೋಡಿದ, ಉಗುರು ಮುಳುಗಿತು.

ತೋಪು ಹಾರಿಸಲು ಊರಿನಿಂದ ನಲವತ್ತು ಜನರನ್ನು ಆರಿಸಿದರು. ಪಟ್ಟಿಯ ಮೊದಲ ಹೆಸರು ಜೆಫಿರಿನ್, ಫಿಲೊಮೆನ್‌ಳ ತಮ್ಮ. ಈ ಜೆಫಿರಿನ್ ಯುದ್ಧದ ಕಾಲದಲ್ಲಿ ಹಾಲುಗಲ್ಲದ ಹುಡುಗ, ಯುದ್ಧ ಮುಗಿದ ಮೇಲೆ ಭಯಂಕರ ಯೋಧ. ಮಿಲಿಟರಿ ಗುಂಡಿಯಿರುವ ಕೋಟೊಂದನ್ನು ಎಲ್ಲಿಂದಲೋ ಸಂಪಾದಿಸಿ, ಭಾನುವಾರ ಹೆಂಡತಿ ಮೂರು ಮಕ್ಕಳನ್ನು ಹಿಂದಿಟ್ಟುಕೊಂಡು ಕವಾಯತು ಮಾಡುತ್ತ ಚರ್ಚಿಗೆ ಹೋಗುತ್ತಿದ್ದ.

“ಭಾವ, ಒಂದನೇ ತೋಪಿಗೆ ನಾನೇ ನಾಯಕ!” ಎಂದು ಬಾಗಿಲಲ್ಲೇ ಕೂಗಿದ.

“ಲೋ, ಬೇಡ ಕಣೋ. ತೋಪು ನಿಲ್ಲಿಸಿರೋ ಆ ಅಟ್ಟ ಒಂದು ಬೆಕ್ಕು ಹಾರಿದ್ರೂ ಕುಸಿಯುತ್ತೆ. ನೀನು, ತೋಪು, ನಲವತ್ತು ಜನ ಎಲ್ಲ ಒಟ್ಟಿಗೆ ಕೆಳಗಿನ ನೀರಿಗೆ ಹೋಗ್ತೀರ. ತೋಪು ನಿನ್ನ ಮೇಲೆ ಬೀಳುತ್ತೆ.”

“ನಿಂಗೆ ಹೊಟ್ಟೆಕಿಚ್ಚು.”

“ಯಾತಕ್ಕೋ ಮುಠ್ಠಾಳ?”

“ಹನ್ನೆರಡು ವರ್ಷ ಪಂಪು ಹೊಡೆದೋನು ನೀನು. ಮರ್ಯಾದೆ ಹಾರಿಸೋನು ನಾನು. ಅಕ್ಕಾ, ಭಾವನ ಮುಖ ನೋಡೇ, ಹೇಗೆ ಹುಳ್ಳಗಾಗಿದೆ!”

ಒನೆಸಿಮ್ ಕೈಗೆ ಸಿಕ್ಕ ಸೌಟು ಎಸೆದ. ಜೆಫಿರಿನ್ ಕವಾಯತಿನ ಹೆಜ್ಜೆಯಲ್ಲೇ ತಪ್ಪಿಸಿಕೊಂಡ.

ಉಳಿದ ಮೂವತ್ತೊಂಬತ್ತು ಮನೆಗಳಿಗೂ ಒನೆಸಿಮ್ ಹೋದ. ಹೋದಲ್ಲೆಲ್ಲ ಮೊದಲು ಬೈದು ಆಮೇಲೆ ವಿಷಯ ಹೇಳುವುದು ಅವನ ಅಭ್ಯಾಸವಾದ್ದರಿಂದ ವಿಷಯದವರೆಗೆ ಯಾರೂ ನಿಲ್ಲಲಿಲ್ಲ. ನಿಂತವರೂ ನಂಬಲಿಲ್ಲ. ಒಂದು ದಿನದ ಕೂಲಿ, ರಮ್ಮು, ಗವರ್ನರರ ಎದುರು ಢಂ ಎನ್ನಿಸುವ ಭಾಗ್ಯ. ಇದನ್ನು ಬಿಟ್ಟು ಮನೆಯಲ್ಲಿ ಆಲೂಗಡ್ಡೆ ನೆಡು ಎಂದರೆ ಯಾರು ಕೇಳುತ್ತಾರೆ?

ಆ ರಾತ್ರಿಯ ಊಟಕ್ಕೆ ಅವನು ಕೂರಲಿಲ್ಲ. “ಏಳು ಜನರನ್ನ ತಿಂದಿದಾಳೆ ಅವಳು. ಇನ್ನು ನಲವತ್ತು ಬಡಿಸ್ತಾರಂತೆ” ಎಂದು ಒಲೆಯ ಸುತ್ತ ತಿರುಗಿದ.

ಫಿಲೊಮೆನ್ ಒಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಅದರ ತುಂಬ ಬಿಳಿ ಅಣಬೆ, ಒಂದೊಂದೂ ಕಿವಿಯಗಲ. ಬಿದ್ದ ಎಲ್ಮ್ ಮರದ ಮೇಲೆ ಬೆಳೆಯುವ ಜಾತಿಯದು. ಕೊಲ್ಲಿಯವರು ಬೆಣ್ಣೆಯಲ್ಲಿ ಹುರಿದು ತಿನ್ನುವಂಥದ್ದು.

“ಕಾಡಿಗೆ ಹೋಗಿದ್ಯಾ?”

“ನಿನ್ನ ಹಡಗಿನ ಹೊಟ್ಟೆಗೆ ಹೋಗಿದ್ದೆ ಮುದುಕಾ. ಕೆಳಗೆ ಹಾಕಿದ ಎಲ್ಮ್ ಹಲಗೆಗಳ ತುಂಬ ಗೊಂಚಲು ಗೊಂಚಲು ಬಿಟ್ಟಿದೆ. ನಿನ್ನ ಬೈರಿಗೆಯ ಮುದ್ದೆ ನಿಮ್ಮ ಕ್ಯಾಪ್ಟನ್ನಿಗೆ ಅರ್ಥ ಆಗ್ಲಿಲ್ಲ. ಅವನ ನಾಲಿಗೆಗೆ ಅರ್ಥ ಆಗುತ್ತೇನೋ ನೋಡು.”

ಗವರ್ನರರ ಉಗಿದೋಣಿ ಸೋಮವಾರ ಬರುವುದಿತ್ತು. ಶನಿವಾರ ಮಧ್ಯಾಹ್ನ ಕ್ಯಾಪ್ಟನ್ ಹಾರ್ಬಾಟಲ್ ಏಪ್ರಿಲ್‌ನಿಂದ ಮುಂದೂಡಿದ್ದ ಆ ವರ್ಷದ ಪರೀಕ್ಷೆಗೆ ಹಡಗಿಗೆ ಬಂದರು. ಹಿಂಬದಿಯ ದೊಡ್ಡ ಕೋಣೆಯಲ್ಲಿ ಫಿಲೊಮೆನ್ ಬಿಳಿ ಬಟ್ಟೆ ಹಾಸಿ ಊಟ ಬಡಿಸಿದಳು. ಹಂದಿಯ ಚೂರು, ಈರುಳ್ಳಿ, ಬೆಣ್ಣೆ, ಅಣಬೆ. ಹಾರ್ಬಾಟಲ್ ಮೂರು ಸಲ ಹಾಕಿಸಿಕೊಂಡರು. ಪಿಂಕ್ನಿ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿಂದ.

“ಅದ್ಭುತವಮ್ಮ! ಲಂಡನ್ನಿನಲ್ಲೂ ಇಂಥದ್ದು ತಿಂದಿಲ್ಲ. ಎಲ್ಲಿ ಸಿಗುತ್ತೆ ಇದು?”

ಒನೆಸಿಮ್ ಕಾಯುತ್ತಿದ್ದದ್ದೇ ಇದಕ್ಕೆ. ದೀಪ ಹಿಡಿದು ಇಬ್ಬರನ್ನೂ ಏಣಿಯಿಂದ ಕೆಳಗಿಳಿಸಿದ. ಹಡಗಿನ ಹೊಟ್ಟೆಯ ಕತ್ತಲಲ್ಲಿ ಸಾಲು ಸಾಲು ಬಿಳಿ ಕಿವಿಗಳು, ತೋಟ ಹಾಕಿದ ಹಾಗೆ. ನಡುವೆ ಮೊಣಕಾಲುದ್ದ ನೀರು. ತಲೆಯ ಮೇಲೆ ಹನ್ನೊಂದು ತೋಪು ಹೊತ್ತ ತೊಲೆಗಳು. ಆ ತೊಲೆಗಳ ಮೇಲೂ ಅಣಬೆ.

“ಇಲ್ಲಿ ಸಿಗುತ್ತೆ ಸಾಹೇಬರೇ. ನೀವು ತಿಂದಿದ್ದು ಐದನೇ ತೋಪಿನ ಕೆಳಗಿನ ಫಸಲು. ಪಿಂಕ್ನಿಯವರದು ಏಳನೇದು. ಈಗ ಹೇಳಿ, ಇದರ ಮೇಲೆ ನಲವತ್ತು ಜನ ನಿಂತು ತೋಪು ಹಾರಿಸಬೇಕಾ? ದಂಡೆ ಮೇಲಿಂದ ಹಾರಿಸಿ, ನಿಮ್ಮ ಕಾಲಿಗೆ ಬೀಳ್ತೀನಿ. ಹಡಗು ಕೊಳೆತಿದೆ ಅಂತ ಒಂದು ಸಾಲು ಬರೀರಿ.”

ಹಾರ್ಬಾಟಲ್‌ರ ಮುಖ ಬಿಳಿಚಿತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವರಿಗೆ ಎಲ್ಲ ಅರ್ಥವಾಯಿತು ಎಂದು ಒನೆಸಿಮ್ ಸಾಯುವವರೆಗೂ ಆಣೆ ಮಾಡಿ ಹೇಳುತ್ತಿದ್ದ. ಆಮೇಲೆ ಅವರು ಗುಮಾಸ್ತನ ಕಡೆ ತಿರುಗಿದರು.

“ಪಿಂಕ್ನಿ, ಅಣಬೆ ಹುಳುವಿನ ಜಾತಿಗೆ ಸೇರುತ್ತಾ?”

“ಇಲ್ಲ ಸಾಹೇಬರೇ. ತರಕಾರಿ.”

“ಚಿಪ್ಪು?”

“ಅಲ್ಲ ಸಾಹೇಬರೇ.”

“ಹಾಗಾದರೆ ಏನೂ ಬರೀಬೇಡ.” ಏಣಿ ಹತ್ತುತ್ತ ಮೆಲ್ಲಗೆ ಒನೆಸಿಮ್‌ಗೆ ಹೇಳಿದರು: “ಇಪ್ಪತ್ತೊಂದು ಸದ್ದು ಅಷ್ಟೇ ಟ್ರೆಪಾನಿಯೆ. ಇಷ್ಟು ವರ್ಷ ನಿಂತಿದೆ. ಇನ್ನು ಕಾಲು ಗಂಟೆ ದೇವರು ಕಾಪಾಡ್ತಾನೆ.”

ಒನೆಸಿಮ್ ಆಗ ಬೈಯಲಿಲ್ಲ. ಅದನ್ನು ಕಂಡು ಫಿಲೊಮೆನ್‌ಳಿಗೆ ಹೆದರಿಕೆಯಾಯಿತು.

ಹಡಗುಕಟ್ಟೆಯ ಬಾಗಿಲಲ್ಲಿ ಒಂದು ಹಲಗೆ ನೇತಾಡುತ್ತಿತ್ತು. ದೈವಭಕ್ತರಾದ ಹಾರ್ಬಾಟಲ್ ಅಧಿಕಾರ ವಹಿಸಿಕೊಂಡ ವಾರವೇ ತೂಗುಹಾಕಿಸಿದ್ದು: ಭಾನುವಾರ ಯಾರೂ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಆ ಹಲಗೆಯ ಕೆಳಗೇ ನುಸುಳಿ ಒನೆಸಿಮ್ ಪ್ರತಿ ಭಾನುವಾರ ಕದ್ದು ಪಂಪು ಹೊಡೆದಿದ್ದ. ಇಲ್ಲದಿದ್ದರೆ ಲೇಡಿ ಆಗಸ್ಟಾಳ ಕಥೆ ಎಂದೋ ಮುಗಿಯುತ್ತಿತ್ತು. ಈ ಭಾನುವಾರ ಬೆಳಿಗ್ಗೆ ಅವನು ಹಲಗೆಯ ಮುಂದೆ ನಿಂತು ಓದು ಬಾರದವನಂತೆ ಅಕ್ಷರ ಅಕ್ಷರ ಓದಿದ. ಆಮೇಲೆ ಮರ್ಡೊ ಮತ್ತು ಅವನ ಜೊತೆಗಾರನನ್ನು ಕರೆದ.

“ಇವತ್ತು ರಜ. ಮನೆಗೆ ಹೋಗಿ.”

“ರಜಾನಾ? ಮೇಲೆ ಹನ್ನೊಂದು ತೋಪಿನ ಭಾರ ಇದೆ ಮಾರಾಯ. ನಿನ್ನೆ ರಾತ್ರಿ ಊಟದ ಹೊತ್ತಿಗೇ ನೀರು ಸೊಂಟದವರೆಗೆ ಬಂದಿತ್ತು” ಎಂದ ಮರ್ಡೊ.

“ನಿಂಗೆ ದೇವರ ಭಯ ಇಲ್ವೇನೋ? ಹಲಗೆ ಓದು.”

“ನಂಗೆ ಓದಕ್ಕೆ ಬರಲ್ಲ.”

“ಹಾಗಾದ್ರೆ ನನ್ನ ಮಾತು ನಂಬು.”

ಮರ್ಡೊ ತನ್ನ ಒಂದು ಕಣ್ಣಿನಿಂದ ಅವನನ್ನು ದೀರ್ಘವಾಗಿ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು, ತನಗೆ ದೇವರ ಭಯ ಬಹಳ ಹಿಂದಿನಿಂದಲೂ ಇದೆ ಎಂದು ಹೇಳಿ ಹೆಂಡದಂಗಡಿಯ ಕಡೆ ಹೋದ.

ಮನೆಯ ಬಾಗಿಲಲ್ಲಿ ಫಿಲೊಮೆನ್ ಪ್ರಾರ್ಥನೆಯ ಶಾಲು ಹೊದ್ದು ನಿಂತಿದ್ದಳು. “ಈ ಮನೆ ಹೋಗುತ್ತಲ್ಲ?” ಎಂದಳು.

“ಹೋಗುತ್ತೆ. ಜೈಲೂ ಆಗಬಹುದು.”

“ಹಾಸಿಗೆ ಪಾತ್ರೆ ಅಪ್ಪನ ಮನೆಗೆ ಸಾಗಿಸಿಬಿಡ್ತೀನಿ. ಜೆಫಿರಿನ್‌ಗೆ ಮಾತ್ರ ಹೇಳಬೇಡ. ಅವನು ಬಂದು ಒಬ್ಬನೇ ಪಂಪು ಹೊಡೆದುಬಿಟ್ಟಾನು.”

ಇಂಗ್ಲಿಷರು ಅವರ ಚರ್ಚಿಗೆ, ಫ್ರೆಂಚರು ತಮ್ಮ ಪೂಜೆಗೆ ಹೋದರು. ಒನೆಸಿಮ್ ದಂಡೆಯ ಮರದ ದಿಮ್ಮಿಯ ಮೇಲೆ ಕೂತು ಚಿಲುಮೆ ಹಚ್ಚಿದ. ಬಿಸಿಲು ಚೆನ್ನಾಗಿತ್ತು. ಬಾಗಿಲು ಕಾಯುವ ಸಿಪಾಯಿ ಹತ್ತು ಗಂಟೆಗೆ ಅವನ ಬಳಿ ಬಂದು ನಿಂತ.

“ಅಣ್ಣಾ, ಹಡಗು ಕುಳ್ಳಗಾದ ಹಾಗಿಲ್ವಾ?”

“ವಯಸ್ಸಾಯ್ತು ಕಣಪ್ಪ. ಎಲ್ಲರೂ ಕುಗ್ತಾರೆ.”

ಹನ್ನೊಂದಕ್ಕೆ ಹಳದಿ ಪಟ್ಟಿ ನೀರಿಗೆ ತಾಗಿತು. ಸಿಪಾಯಿ ಇಂಗ್ಲಿಷ್ ಚರ್ಚಿಗೆ ಓಡಿದ. ಪಾದ್ರಿಗಳು ಪ್ರವಚನದ ನಡುವೆ ಇದ್ದರು. ಹಾರ್ಬಾಟಲ್ ಮೊದಲ ಸಾಲಿನಿಂದಲೇ ಬೆರಳು ತುಟಿಗಿಟ್ಟು ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಪ್ರವಚನ ನೋಹನ ನಾವೆಯ ಮೇಲಿತ್ತು ಎಂದು ಕೆಲವರು ಹೇಳುತ್ತಾರೆ. ಅಷ್ಟೊಂದು ಅಚ್ಚುಕಟ್ಟು ನನಗೆ ನಂಬಿಕೆಯಾಗುವುದಿಲ್ಲ. ಉದ್ದವಿತ್ತು ಎಂಬುದು ಮಾತ್ರ ಖಂಡಿತ.

ಲೇಡಿ ಆಗಸ್ಟಾ ತೋಪಿನ ಭಾರದ ಕಡೆಗೆ ಮೆಲ್ಲಗೆ ವಾಲಿದಳು. ಕಿಂಡಿಗಳಿಂದ ನೀರು ಒಳನುಗ್ಗಿತು. ಒಳಗೆಲ್ಲೋ ತೊಲೆಗಳು ಒಂದಾದ ಮೇಲೊಂದು ಮುರಿದ ಸದ್ದು, ಒಣ ಕಡ್ಡಿಯದಲ್ಲ, ನೆನೆದ ಬಟ್ಟೆ ಹರಿದಂಥ ಸದ್ದು. ಹನ್ನೊಂದು ತೋಪುಗಳೂ ಅಟ್ಟದ ಸಮೇತ ಧಡಧಡನೆ ಕೆಳಗಿಳಿದದ್ದು ದಂಡೆಗೆ ಕೇಳಿಸಿತು. ಮರುದಿನ ಬೆಳಿಗ್ಗೆ ಆ ಅಟ್ಟದ ಮೇಲೆ ಯಾರು ಯಾರು ಎಲ್ಲೆಲ್ಲಿ ನಿಲ್ಲಬೇಕಿತ್ತೆಂದು ಒನೆಸಿಮ್‌ಗೆ ಬಾಯಿಪಾಠವಾಗಿತ್ತು. ಒಂದನೆಯದರ ಪಕ್ಕ ಜೆಫಿರಿನ್. ಎರಡನೆಯದಕ್ಕೆ ಕಮ್ಮಾರನ ಅಳಿಯ. ಒಂದೊಂದು ಸದ್ದಿಗೂ ಒಬ್ಬೊಬ್ಬರ ಹೆಸರು ಹೇಳಿ ಬೈದ. ಗಂಟಲು ಕಟ್ಟುವವರೆಗೆ ಬೈದ. ಹಡಗು ತಳ ಮುಟ್ಟಿ ನಿಂತಾಗ ನೀರಿನ ಮೇಲೆ ಹಲಗೆಯ ಮಾಡು ಮಾತ್ರ ಉಳಿದಿತ್ತು. ಒನೆಸಿಮ್ ತನ್ನ ಮೂವತ್ತನೆಯ ವಯಸ್ಸಿನ ಕೈಗಳು ಹೊಡೆದ ಮೊಳೆಗಳನ್ನು ನೆನೆದು ಅತ್ತನೋ ಇಲ್ಲವೋ ಹೇಳಲಾರೆ. ಚಿಲುಮೆ ಆರಿಹೋಗಿತ್ತು, ಅವನು ಅದನ್ನು ಸುಮ್ಮನೆ ಎಳೆಯುತ್ತಿದ್ದ.

ಸೋಮವಾರ ಗವರ್ನರರಿಗೆ ದಂಡೆಯಿಂದಲೇ ಮರ್ಯಾದೆ ಸಂದಿತು; ಕೊಟ್ಟಿಗೆಯಲ್ಲಿ ಉಳಿದಿದ್ದ ತೋಪುಗಳನ್ನು ಸಿಪಾಯಿಗಳೇ ಹಾರಿಸಿದರು. ನೀರಿನ ಮೇಲಿನ ಮಾಡನ್ನು ತೋರಿಸಿ ಅದೇನೆಂದು ಅವರು ಕೇಳಿದರಂತೆ. ಸರಕಿನ ಕೊಟ್ಟಿಗೆ ಎಂದರಂತೆ ಕ್ಯಾಪ್ಟನ್. ಜಾಗ ಬಹಳ ತೇವ ಎಂದು ಗವರ್ನರರು ಅಭಿಪ್ರಾಯಪಟ್ಟರು.

ಬುಧವಾರ ವಿಚಾರಣೆ.

“ಭಾನುವಾರ ಪಂಪು ಯಾಕೆ ಹೊಡೆಯಲಿಲ್ಲ?” ಹಾರ್ಬಾಟಲ್ ಕೇಳಿದರು.

“ನಿಮ್ಮ ಹಲಗೆ, ಸಾಹೇಬರೇ.”

“ಉಳಿದ ಭಾನುವಾರಗಳಲ್ಲಿ?”

“ಆಗೆಲ್ಲ ನಿಮ್ಮ ಆಜ್ಞೆ ಮೀರಿ ಹೊಡೆದೆ. ಪಾಪ ಮಾಡಿದೆ. ಈ ಭಾನುವಾರ ತಿದ್ದಿಕೊಂಡೆ.”

ಹಡಗು ಮುಳುಗಿಸಿದ ಎಂದು ಬರೆಯೋಣವೆಂದರೆ, ಸುಸ್ಥಿತಿಯ ಹಡಗು ಅರ್ಧ ದಿನ ಪಂಪಿಲ್ಲದಿದ್ದರೆ ಮುಳುಗುವುದು ಹೇಗೆ? ಕೊಳೆತಿತ್ತು ಎಂದು ಬರೆಯೋಣವೆಂದರೆ ಹನ್ನೊಂದು ಸಹಿ. ಪಿಂಕ್ನಿ ಪೆನ್ನನ್ನು ಮೂರು ಸಲ ಮಸಿಗೆ ಅದ್ದಿ ಮೂರು ಸಲ ಒಣಗಿಸಿದ. ಕೊನೆಗೆ ಒನೆಸಿಮ್ ಟ್ರೆಪಾನಿಯೆಯನ್ನು ಕೆಲಸದಿಂದ ತೆಗೆದರು. ಕಾರಣ: ಹನ್ನೆರಡು ವರ್ಷ ಭಾನುವಾರಗಳಂದು ಕೆಲಸ ಮಾಡಿದ್ದು.

ಅವನು ಮೇಜಿನ ಮೇಲೆ ಬಗ್ಗಿ ಹಾರ್ಬಾಟಲ್‌ರ ಮುಖಕ್ಕೆ ಮುಖ ಕೊಟ್ಟು ಕೂಗಿದ: “ಏಳು ಜನರ ಹೆಸರು ಹೇಳ್ತೀನಿ, ಅದನ್ನ ಬರೀರಿ! ಅದಕ್ಕೂ ಕಲಂ ಇಲ್ವಾ?” ಒಂದೊಂದಾಗಿ ಏಳೂ ಹೆಸರು ಹೇಳಿದ. ಯಾರೂ ಬರೆಯಲಿಲ್ಲ. ಇಬ್ಬರು ಸಿಪಾಯಿಗಳು ಅವನನ್ನು ಹೊರಗೆ ಕರೆದುಕೊಂಡು ಹೋದರು.

ಆಮೇಲೆ ಒನೆಸಿಮ್ ಇಪ್ಪತ್ತಮೂರು ವರ್ಷ ಬದುಕಿದ. ಮಾವನ ಜಮೀನಿನ ಅಂಚಿನಲ್ಲಿ ಮನೆ ಕಟ್ಟಿಕೊಂಡು ರೈತರಿಗೆ ದೋಣಿ, ಗಾಡಿ, ತೊಟ್ಟಿಲು ಮಾಡಿಕೊಟ್ಟ, ಕೊಳ್ಳಲು ಬಂದವರನ್ನೆಲ್ಲ ಬೈದ. ಆ ನಲವತ್ತು ಜನರಲ್ಲಿ ಯಾರೂ ಅವನಿಗೆ ಕೃತಜ್ಞತೆ ಹೇಳಲಿಲ್ಲ. ಒಂದು ದಿನದ ಕೂಲಿ ಕಳೆದವನೆಂದೇ ಊರು ಅವನನ್ನು ನೆನೆಯಿತು.

ಜೆಫಿರಿನ್ ಅಂತೂ ಕ್ಷಮಿಸಲೇ ಇಲ್ಲ. ಹೊಸ ವರ್ಷದ ದಿನ ನೆಂಟರ ಮನೆಗೆ ಹೋಗಿ ಹರಸಿ ಬರುವುದು ಅವರಲ್ಲಿ ತಪ್ಪಿಸುವಂತಿಲ್ಲದ ಪದ್ಧತಿಯಾದ್ದರಿಂದ ಅವನು ಪ್ರತಿ ವರ್ಷ ಬರುತ್ತಿದ್ದ. ಗುಂಡಿಯ ಕೋಟು ಹಾಕಿಕೊಂಡು ಬಂದು, ಅಕ್ಕ ಮಾಡಿದ ಮಾಂಸದ ಕಡುಬನ್ನು ತಿಂದು, ಬಾಯಿ ಒರೆಸಿಕೊಂಡು ಶುರು ಮಾಡುತ್ತಿದ್ದ.

“ಒಂದನೇ ತೋಪು, ಭಾವ! ಗವರ್ನರ್ ನನ್ನ ಮುಖ ನೋಡ್ತಿದ್ದ. ನನ್ನ ಜೀವನಾನೇ ಹಾಳು ಮಾಡಿದೆ ನೀನು.”

“ನಿನ್ನ ಜೀವನಾನ?” ಒನೆಸಿಮ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಿದ್ದ. “ಎದ್ದೇಳೋ ಮೂರ್ಖ, ನನ್ನ ಮನೆಯಿಂದ ಹೊರಗೆ ಹೋಗು!”

“ಹೋಗಲ್ಲ. ಹರಸಿಲ್ಲ ಇನ್ನೂ.”

ಜೆಫಿರಿನ್‌ನ ಮಕ್ಕಳು, ವರ್ಷ ಕಳೆದಂತೆ ಮೊಮ್ಮಕ್ಕಳು, ಈ ಜಗಳ ನೋಡಲೆಂದೇ ಒಲೆಯ ಸುತ್ತ ಜಾಗ ಹಿಡಿದು ಕೂರುತ್ತಿದ್ದರು. ಕೊನೆಯ ವರ್ಷ ಅವರು ಹದಿನಾಲ್ಕು ಮಂದಿಯಿದ್ದರು. ಎಲ್ಲರಿಗೂ ಕಡುಬು ಸಾಲದೆ ಫಿಲೊಮೆನ್ ಪಕ್ಕದ ಮನೆಯಿಂದ ಇನ್ನೊಂದು ತಂದಳು.